ಕಲ್ಲಿನಲ್ಲಿ ಸಿಗದ ಕಪ್ಪೆಗಳು



ಮಳೆಗಾಲದಲ್ಲಿ ಚೆಂಡಿಯಾದ ಗದ್ದೆಗಳಲ್ಲಿ ಕಪ್ಪೆ ಕೂಗುವುದು ನಿಮಗೆಲ್ಲ ಗೊತ್ತು. ಇವುಗಳ ಪೂರ್ವಜರು ಎಲ್ಲಿದ್ದರು? ಉತ್ತರ ಹುಡುಕಲು ಮುಂಬೈಗೆ ಹೋಗಬೇಕು. ಅಲ್ಲಿನ ವರ್ಲಿ ಗುಡ್ಡದಲ್ಲಿ ಲಾವಾ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕಿತು. 1847ರಲ್ಲಿ ರಿಚರ್ಡ್ ಓವನ್ ಅದಕ್ಕೆ 'ರಾನಾ ಪುಸಿಲ್ಲಾ' ಎಂದು ಹೆಸರಿಟ್ಟರು. 'ಪುಸಿಲ್ಲಾ' ಎಂದರೆ ಲ್ಯಾಟಿನ್‌ನಲ್ಲಿ ತೀರಾ ಚಿಕ್ಕದು. 1930ರಲ್ಲಿ ಜಿ.ಕೆ. ನೋಬಲ್ ಅದನ್ನು 'ಇಂಡೋಬ್ಯಾಟ್ರಕಸ್' ಎಂದು ಕರೆದರು. ಅದರ ವಯಸ್ಸು ಸುಮಾರು 6.5 ಕೋಟಿ ವರ್ಷ.

ಹಾಗಾದರೆ ನಮ್ಮ ಊರಿನ ಕಲ್ಲಿನಲ್ಲಿ ಏಕಿಲ್ಲ? ಕಾರವಾರದ ಗುಡ್ಡಗಳ ಮೂಲ ಶಿಲೆ 200 ಕೋಟಿ ವರ್ಷಕ್ಕೂ ಹಳೆಯದು. ಆಗ ಬೆನ್ನೆಲುಬಿನ ಪ್ರಾಣಿಯೇ ಹುಟ್ಟಿರಲಿಲ್ಲ. ಮೇಲಿನ ಚಿರೆಕಲ್ಲೋ, ಮಳೆನೀರು ಖನಿಜಗಳನ್ನು ತೊಳೆದು ಉಳಿಸಿದ್ದು. ಕಡ್ಡಿಯಂಥ ಕಪ್ಪೆಯ ಎಲುಬು ಇಲ್ಲಿನ ಆಮ್ಲೀಯ ಮಣ್ಣಿನಲ್ಲಿ ಬೇಗ ಕರಗುತ್ತದೆ. ವರ್ಲಿಯಲ್ಲಿ ನಿಂತ ನೀರಿನ ಕೆಸರು ಮುಚ್ಚಿತು, ಅದರ ಮೇಲೆ ಲಾವಾ ಹರಿಯಿತು; ಆದ್ದರಿಂದ ಉಳಿಯಿತು.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಒಂದು ಮಾತು ಮರೆಯುವುದಿಲ್ಲ: ಲಾಗ್‌ನಲ್ಲಿ ದಾಖಲೆ ಇಲ್ಲವೆಂದರೆ ಘಟನೆಯೇ ನಡೆದಿಲ್ಲ ಎಂದಲ್ಲ. ಪಳೆಯುಳಿಕೆಗೂ ಇದು ಸರಿ. ಕೇರಳದ ಇಡುಕ್ಕಿಯಲ್ಲಿ ಸಿಕ್ಕಿ, 2003ರಲ್ಲಿ ಪ್ರಕಟವಾದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ದೂರದ ಸೆಶೆಲ್ಸ್ ದ್ವೀಪಗಳಲ್ಲಿ. ಈ ನಂಟನ್ನು ತಿಳಿಸಿದ್ದು ಕಲ್ಲಲ್ಲ, ಜೀವಂತ ಕಪ್ಪೆಯ ಡಿಎನ್‌ಎ. ಕಲ್ಲು ಬಿಟ್ಟ ಪುಟವನ್ನು ಬದುಕಿರುವ ಜೀವಿ ತುಂಬಿಕೊಟ್ಟಿತು.

ನಮ್ಮದೇ ಜಿಲ್ಲೆಯ ಕತ್ತಲೆಕಾನಿನ 'ಕುಂಬಾರ ಕಪ್ಪೆ'ಯನ್ನು ವಿಜ್ಞಾನಿಗಳು ಹೆಸರಿಸಿದ್ದು 2014ರಲ್ಲಿ. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥ ನಡವಳಿಕೆಯನ್ನು ಯಾವ ಎಲುಬೂ ಹೇಳಲಾರದು. ಆ ಹಳ್ಳ ಮೊದಲೇ ಬತ್ತಿದ್ದರೆ, ಅಂಥ ಕಪ್ಪೆ ಇತ್ತೆಂದೂ ನಮಗೆ ತಿಳಿಯುತ್ತಿರಲಿಲ್ಲ.

ರೈಲು, ಸೀಬರ್ಡ್, ಚತುಷ್ಪಥ ರಸ್ತೆ ಬಂದು ನಮ್ಮ ಕರಾವಳಿ ಬದಲಾಗಿದೆ. ಅಭಿವೃದ್ಧಿ ಬೇಕು, ನನ್ನ ಅನ್ನವೂ ಅದರಿಂದಲೇ. ಆದರೆ ಗದ್ದೆ, ಹಳ್ಳ ಮುಚ್ಚುವಾಗ ಅಲ್ಲೇನಿತ್ತು ಎಂದು ಬರೆದಿಡುವವರು ಬೇಕು. ನಮ್ಮ ಮಣ್ಣು ಎಲುಬನ್ನು ಉಳಿಸುವುದಿಲ್ಲ, ಉಳಿಸಬೇಕಾದದ್ದು ನಾವೇ.

ವಿದ್ಯಾರ್ಥಿಗಳೇ, ಈ ಮಳೆಗಾಲದಲ್ಲಿ ಒಂದು ನೋಟ್‌ಬುಕ್ ಇಡಿ. ದಿನಾಂಕ, ಜಾಗ, ಕೇಳಿದ ಕೂಗು, ಕಂಡ ಬಣ್ಣ ಬರೆಯಿರಿ. ಶಾಲೆಯ ನೂರನೇ ವರ್ಷಕ್ಕೆ ಅದೇ ದೊಡ್ಡ ದಾಖಲೆಯಾದೀತು.