ವಿದ್ಯಾದಾನವೂ ಸಾಮಾಜಿಕ ಸಮತೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ವಿದ್ಯೆಯು ಸಮತೆಯ ತಾಯಿಯೆಂದು ಎಲ್ಲರೂ ಹೇಳುವರು. ಇತಿಹಾಸವನ್ನು ಪರಿಶೀಲಿಸಿದರೆ ಈ ಮಾತು ಅರ್ಧಸತ್ಯವೆಂದೇ ತೋರುವುದು. ಕೆಲವರಿಗೆ ಮಾತ್ರ ದೊರೆತು ಉಳಿದವರಿಗೆ ದೊರೆಯದ ವಿದ್ಯೆಯು ಅಸಮತೆಯನ್ನು ಅಳಿಸುವುದಿಲ್ಲ. ಅದಕ್ಕೆ ಹೊಸ ಬಲವನ್ನೇ ಕೊಡುವುದು. ಓದಬಲ್ಲವನು ಸಾಲಪತ್ರವನ್ನು ಬರೆಯುವನು, ಓದಲರಿಯದವನು ಅದಕ್ಕೆ ಹೆಬ್ಬೆಟ್ಟನ್ನು ಒತ್ತುವನು. ದುಡಿಮೆ ಒಬ್ಬನದು, ಬೆಳೆ ಇನ್ನೊಬ್ಬನ ಕಣಜಕ್ಕೆ.

12ನೆಯ ಶತಮಾನದ ಶರಣರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅವರು ತತ್ತ್ವವನ್ನು ಜನರಾಡುವ ಕನ್ನಡದಲ್ಲಿ ನುಡಿದರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಕಾಯಕಜೀವಿಗಳು ವಚನಕಾರರಾದುದು ಇದರ ಫಲ. ಆದರೆ ಕಲ್ಯಾಣದಲ್ಲಿ ತೆರೆದ ಆ ಬಾಗಿಲು ಮುಂದಿನ ಕಾಲದಲ್ಲಿ ಎಲ್ಲರಿಗೂ ತೆರೆದೇ ಉಳಿಯಲಿಲ್ಲ.

ಇದಕ್ಕೆ ಧಾರವಾಡದ ಒಂದು ಪ್ರಸಂಗವೇ ಸಾಕ್ಷಿ. 1856ರಲ್ಲಿ ಮಹಾರ ಜಾತಿಯ ಬಾಲಕನೊಬ್ಬನು ಅಲ್ಲಿಯ ಸರಕಾರೀ ಸಾಲೆಯಲ್ಲಿ ಪ್ರವೇಶವನ್ನು ಬೇಡಿದನು, ಅದು ದೊರೆಯಲಿಲ್ಲ. ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ನ್ಯಾಯವು ಬಾಲಕನ ಪಕ್ಷದಲ್ಲಿದೆಯೆಂದು ಸರಕಾರವೇ ಒಪ್ಪಿಕೊಂಡಿತು. ಆದರೂ ಒಬ್ಬಿಬ್ಬರಿಗಾಗಿ ಬಹುಕಾಲದ ಭಾವನೆಗಳನ್ನು ಕೆಣಕಿದರೆ ಶಿಕ್ಷಣಕಾರ್ಯಕ್ಕೇ ಹಾನಿಯಾದೀತೆಂದು ಹೇಳಿ ಬಾಗಿಲನ್ನು ಮುಚ್ಚಿಯೇ ಇಟ್ಟಿತು. ಸರಕಾರದ ಸಾಲೆಗಳು ಸಕಲ ವರ್ಗದವರಿಗೂ ತೆರೆದಿರತಕ್ಕವೆಂದು ಕಂಪನಿಯ ನಿರ್ದೇಶಕರು 1858ರಲ್ಲಿ ತಿಳಿಸಿದರು. ನ್ಯಾಯವನ್ನು ಬಲ್ಲವರೂ ಅದನ್ನು ನಾಳೆಗೆ ತಳ್ಳಬಲ್ಲರೆಂಬುದೇ ಈ ಪ್ರಸಂಗದ ಪಾಠ.

ಆಜ್ಞೆಯೊಂದರಿಂದಲೇ ಕಾರ್ಯವು ಕೈಗೂಡಲಿಲ್ಲ. ಸಾಲೆಯಿದ್ದದ್ದು ಪಟ್ಟಣದಲ್ಲಿ, ಬಡ ಬಾಲಕನಿದ್ದದ್ದು ಹಳ್ಳಿಯಲ್ಲಿ. ಊಟ ವಸತಿಗಳಿಲ್ಲದವನಿಗೆ ತೆರೆದ ಬಾಗಿಲೂ ಮುಚ್ಚಿದಂತೆಯೇ ಸರಿ. ಈ ಕೊರತೆಯನ್ನು ತುಂಬಿದುದು ದಾಸೋಹ. ಹಾನಗಲ್ಲ ಕುಮಾರಸ್ವಾಮಿಗಳ ಪ್ರಯತ್ನದಿಂದ 1904ರಲ್ಲಿ ಧಾರವಾಡದಲ್ಲಿ ಮಹಾಸಭೆಯು ಸ್ಥಾಪಿತವಾಯಿತು. ಅದರ ಅಧ್ಯಕ್ಷಸ್ಥಾನವನ್ನು ವಹಿಸಿದ್ದ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕಾಗಿ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಧ್ಯೇಯನಿಷ್ಠರು ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು. ಊರೂರು ಸುತ್ತಿದ ಮಠಗಳ ಜೋಳಿಗೆಗೆ ಒಕ್ಕಲಿಗರು ನೀಡಿದ ಜೋಳ ರಾಗಿಗಳು ಪ್ರಸಾದನಿಲಯಗಳಲ್ಲಿ ಅನ್ನವಾಗಿ, ಆ ಅನ್ನವೇ ಅಕ್ಷರವಾಯಿತು.

ಹೀಗೆ ಒಕ್ಕಲು ಮಕ್ಕಳು ಮೇಲೆ ಬಂದರು. ಇದು ಹೆಮ್ಮೆಯ ಸಂಗತಿಯೇ ಅಹುದು. ಆದರೆ ಮೇಲೆ ಬಂದವರು ತಾವೇರಿದ ಏಣಿಯನ್ನು ಕೆಳಗಿನವರಿಗೆ ಬಿಟ್ಟರೋ, ಎಳೆದುಕೊಂಡರೋ? ಧಾರವಾಡದ ಆ ಬಾಲಕನಂಥವನಿಗೆ ಪಂಕ್ತಿಯಲ್ಲಿ ಸ್ಥಾನವಿದ್ದಿತೋ ಇಲ್ಲವೋ ಎಂಬುದರಿಂದಲೇ ಪ್ರತಿಯೊಂದು ಸಂಸ್ಥೆಯ ಬೆಲೆಯನ್ನು ಕಟ್ಟತಕ್ಕದ್ದು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ನೀಡಿ ಇದಕ್ಕೆ ಉತ್ತರವನ್ನು ಆಚರಣೆಯಲ್ಲಿ ತೋರಿಸಿದರು.

ಈಗ ಬಾಗಿಲಿಗೆ ಬಿದ್ದಿರುವುದು ಹಣದ ಬೀಗ. ವಂತಿಗೆ ಪಡೆದು ಸ್ಥಾನ ಕೊಡುವುದನ್ನು ಕರ್ನಾಟಕವು 1984ರಲ್ಲಿಯೇ ಕಾಯಿದೆಯಿಂದ ನಿಷೇಧಿಸಿತು. 1992ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ ಅದನ್ನು ಖಂಡಿಸಿತು. ಶಿಕ್ಷಣವು ಮಗುವಿನ ಮೂಲಭೂತ ಹಕ್ಕೆಂದು 2002ರಲ್ಲಿ ಸಂವಿಧಾನಕ್ಕೆ ಸೇರಿತು. ಹೀಗಿದ್ದೂ 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88ನ್ನು ಮೀರಿದ್ದರೆ ಯಾದಗಿರಿಯದು 52ನ್ನೂ ಮುಟ್ಟಿರಲಿಲ್ಲ. ರಾಜ್ಯದ ಗಂಡಸರಲ್ಲಿ ನೂರಕ್ಕೆ 82 ಮಂದಿ ಅಕ್ಷರಸ್ಥರಾಗಿದ್ದರೆ ಹೆಂಗಸರಲ್ಲಿ 68 ಮಂದಿ ಮಾತ್ರ. ಶರಣರು ನಡೆದಾಡಿದ ಸೀಮೆಯಲ್ಲಿಯೇ ಕತ್ತಲೆ ಹೆಚ್ಚಾಗಿದ್ದುದು ಭಕ್ತಸಮೂಹವು ತಲೆತಗ್ಗಿಸಿ ಚಿಂತಿಸಬೇಕಾದ ವಿಷಯ.

ಜೋಳಿಗೆಯಿಂದ ಹುಟ್ಟಿದ ವಿದ್ಯಾಲಯವು ಅಂಗಡಿಯಾಗಬಾರದು. ಕಟ್ಟಡಗಳ ಎತ್ತರವು ಮಹೋತ್ಸವದ ಶೋಭೆಯಲ್ಲ. ಹೊಸ್ತಿಲು ಎಷ್ಟು ತಗ್ಗಿದೆಯೆಂಬುದೇ ಅದರ ಶೋಭೆ. ಕಾಣಿಕೆ ಸಲ್ಲಿಸುವ ಪ್ರತಿಯೊಬ್ಬ ಭಕ್ತನೂ ತನ್ನ ಓಣಿಯಲ್ಲಿ ಸಾಲೆ ಬಿಟ್ಟ ಒಂದು ಮಗುವಿನ, ವಿಶೇಷವಾಗಿ ಹೆಣ್ಣುಮಗುವಿನ, ಕೈಹಿಡಿದು ಕರೆತರುವಂತಾದರೆ ದಾಸೋಹವು ಪೂರ್ಣವಾಗುವುದು. ಆ ಸದ್ಬುದ್ಧಿಯನ್ನು ಬಸವಾದಿ ಪ್ರಮಥರು ಎಲ್ಲರಿಗೂ ಕರುಣಿಸಲಿ.