ಅರ್ಧ ತುಂಬಿದ ಬಾಟಲಿ

ಬೆಳಗಿನ ಮೊದಲ ಲೋಟ ನೀರು ಕುಡಿದಿರಾ?

ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಗೆ ಹೊರಡುವ ಹುಡುಗಿಯರ ಬ್ಯಾಗಿನಲ್ಲೂ ನೀರಿನ ಬಾಟಲಿ ಇರುತ್ತದೆ. ಎಷ್ಟೋ ಸಲ ಸಂಜೆಗೂ ಅದು ಅರ್ಧ ತುಂಬಿಯೇ ಇರುತ್ತದೆ. ಕುಡಿದರೆ ಶೌಚಾಲಯಕ್ಕೆ ಏಳಬೇಕು. ಎದ್ದರೆ ಗಂಟೆಯ ಟಾರ್ಗೆಟ್ ತಪ್ಪುತ್ತದೆ. ಸೂಪರ್‌ವೈಸರ್ ಕಣ್ಣು ಬೇರೆ. ನೀರು ಕಡಿಮೆಯಾದರೆ ಉರಿಮೂತ್ರ, ಸೋಂಕು ಬೆನ್ನು ಹತ್ತುತ್ತವೆ. ಅದು ಅವರಿಗೂ ಗೊತ್ತು.

ಊಟ ತಲುಪಿಸುವ ಬೈಕಿನ ಹುಡುಗನದ್ದೂ ಇದೇ ಲೆಕ್ಕ. ಅವನಿಗೆ ಇಡೀ ಊರೇ ಆಫೀಸು. ಆದರೆ ಆ ಆಫೀಸಿಗೆ ಶೌಚಾಲಯವಿಲ್ಲ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗನಿಗೆ ಮಾರು ದೂರದಲ್ಲೇ ನೀರು. ಆದರೂ ಮೀಟಿಂಗ್ ಮುಗಿಯದೆ ಏಳಲಾರ.

ಇಂಥ ಯುವಜನರಿಗೆ ನಾವು ಬುದ್ಧಿ ಹೇಳುತ್ತಲೇ ಇರುತ್ತೇವೆ. ನೀರು ಕುಡಿ, ನಡಿ, ಬೇಗ ಮಲಗು. ಹೇಳುವವರಿಗೇನು! ಅಭ್ಯಾಸ ಕೆಲಸದ ಜಾಗದಲ್ಲೂ ಹುಟ್ಟುತ್ತದೆ. 1948ರ ಕಾರ್ಖಾನೆ ಕಾಯಿದೆಯೇ ಕುಡಿಯುವ ನೀರು, ಶೌಚಾಲಯ ಎರಡನ್ನೂ ಕಡ್ಡಾಯ ಮಾಡಿತ್ತು. ಎದ್ದು ಹೋಗಿಬರುವ ಐದು ನಿಮಿಷವನ್ನು ಮಾತ್ರ ಟಾರ್ಗೆಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇವತ್ತು ಮನೆಬಾಗಿಲಿಗೆ ಪಾರ್ಸೆಲ್ ಬಂದರೆ, ‘ನೀರು ಬೇಕಾ?’ ಎಂದು ಕೇಳಿ. ‘ಬಾತ್‌ರೂಮಿಗೆ ಹೋಗಬೇಕಿತ್ತಾ?’ ಅಂತಲೂ ಕೇಳಬಹುದು. ಮೊದಲನೆಯದು ಸುಲಭ. ಎರಡನೆಯದಕ್ಕೆ ನಾಲಿಗೆ ಸ್ವಲ್ಪ ತಡವರಿಸುತ್ತದೆ.