ಬಿಸಿಲು ಅನ್ನವಾಗುವ ಬಗೆ

(ಹಂಪಿ ಬಜಾರಿನಲ್ಲಿ ಸೇರಿದ ಸದ್ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಈ ಬೀದಿಯ ಮೂಡಣ ತುದಿಯಲ್ಲಿ ಮತಂಗ ಪರ್ವತದ ಬಂಡೆಗಳಿವೆ. ಅಲ್ಲಿಂದ ಕೆಳಗೆ ಕಣ್ಣು ಹಾಯಿಸಿದರೆ ತುರ್ತು ಕಾಲುವೆಯ ನೀರುಂಡು ಬೆಳೆದ ಬಾಳೆಯ ತೋಟಗಳಿವೆ. ಎರಡರ ಮೇಲೂ ಬೀಳುವುದು ಒಂದೇ ಬಿಸಿಲು. ಬಂಡೆ ಹಗಲೆಲ್ಲ ಕಾಯುತ್ತದೆ. ಬೆಳಗಿನ ಜಾವ ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ಬಂದ ಕಾವು ಬಂದ ಹಾಗೆಯೇ ಹೋಯಿತು. ಬಾಳೆಯಾದರೋ ಅದೇ ಬಿಸಿಲಿನಲ್ಲಿ ಸ್ವಲ್ಪವನ್ನು ಹಿಡಿದಿಟ್ಟು, ತಿಂಗಳುಗಟ್ಟಲೆ ಕೂಡಿಸಿ, ಗೊನೆಯಾಗಿ ನಿಮ್ಮ ಕೈಗೆ ಕೊಡುತ್ತದೆ. ಬಂಡೆಗೆ ಬಾರದ ಯಾವ ವಿದ್ಯೆ ಎಲೆಗೆ ಬಂತು?

ಸಂಸ್ಕೃತದಲ್ಲಿ ಪೈರುಪಚ್ಚೆಗೆ ಓಷಧಿ ಎಂಬ ಹೆಸರುಂಟು. ಉಷ್ ಎಂಬ ಧಾತುವಿಗೆ ಸುಡುವುದು ಎಂದರ್ಥ. ಅದರಿಂದ ಓಷ, ಅಂದರೆ ಕಾವು. ಕಾವನ್ನು ಧರಿಸಿದ್ದು ಓಷಧಿ ಎಂದು ಬಿಡಿಸಿ ಹೇಳುವ ಪದ್ಧತಿಯಿದೆ. ಹೆಸರು ಚೆನ್ನಾಗಿ ಒಪ್ಪುತ್ತದೆ. ಹಾಗೆಂದು ಇಂದಿನ ವಿಜ್ಞಾನವೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವುದು ಬೇಡ. 1771ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬ ಪಾದ್ರಿ, ದೀಪ ಉರಿದು ಆರಿಹೋದ ಮುಚ್ಚಿದ ಗಾಳಿಯಲ್ಲಿ ಪುದೀನದ ಗಿಡವನ್ನಿಟ್ಟ. ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ದೀಪ ಮತ್ತೆ ಉರಿಯಿತು. 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯ, ಇದಕ್ಕೆ ಬೆಳಕು ಬೇಕು, ಗಿಡದ ಹಸುರು ಭಾಗವೇ ಬೇಕು ಎಂದು ತೋರಿಸಿಕೊಟ್ಟ. ದುಡಿದು ತಿಳಿದವರಿಗೆ ಅದರ ಗೌರವ ಸಲ್ಲಬೇಕು.

ಎಲೆಯ ಹಸುರಿಗೆ ಪತ್ರಹರಿತ್ತು ಎನ್ನುತ್ತಾರೆ. ಬೆಳಕನ್ನು ಹೀರುವುದು ಅದೇ. ಬೇರು ನೀರನ್ನು ಮೇಲಕ್ಕೆ ಕಳಿಸುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳಿಂದ ಇಂಗಾಲಾಮ್ಲ ವಾಯು ಒಳಗೆ ಬರುತ್ತದೆ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಅದು ಇರುವುದು ನಾಲ್ಕು ಪಾಲು ಚಿಲ್ಲರೆ ಮಾತ್ರ. ಬೆಳಕಿನ ಬಲದಿಂದ ನೀರು ಒಡೆಯುತ್ತದೆ. ಅದರ ಜಲಜನಕ ಇಂಗಾಲದೊಡನೆ ಕೂಡಿ ಸಕ್ಕರೆಯಾಗುತ್ತದೆ, ಆಮ್ಲಜನಕ ಹೊರಗೆ ಬರುತ್ತದೆ. ಆ ಸಕ್ಕರೆಯೇ ಕಬ್ಬಿನಲ್ಲಿ ರಸ, ಭತ್ತದಲ್ಲಿ ಹಿಟ್ಟು. ಹೊರಬಂದ ಆಮ್ಲಜನಕವೇ ನಮ್ಮ ಉಸಿರು. ಕಂಪ್ಲಿಯ ಗದ್ದೆಗೆ ಹರಿದ ತುಂಗಭದ್ರೆಯ ನೀರಿನಲ್ಲಿ ಒಂದಿಷ್ಟು ಹೀಗೆ ಒಡೆದು ಗಾಳಿಯಾಗಿ ನಮ್ಮ ಎದೆಗೆ ಬರುತ್ತದೆ ಎಂದರೆ ತಪ್ಪಿಲ್ಲ. ಹೊಲಕ್ಕೆ ಬಿದ್ದ ಬಿಸಿಲಿನಲ್ಲಿ ಪೈರಿನಲ್ಲಿ ನಿಲ್ಲುವುದು ನೂರಕ್ಕೆ ಒಂದೆರಡು ಪಾಲು. ಅದಿರಿನ ಲಾರಿ ಓಡಾಡುವ ರಸ್ತೆಯ ಬದಿಯಲ್ಲಿ ಎಲೆಯ ಮೇಲೆ ಕೆಂಪು ಧೂಳು ಕೂತರೆ ಅದಕ್ಕೂ ಕುತ್ತು. ಸಂಡೂರಿನ ಕಡೆಯ ರೈತರಿಗೆ ಇದನ್ನು ನಾವು ಹೇಳಬೇಕಿಲ್ಲ.

ಇನ್ನು ಖರ್ಚಿನ ಮಾತು. ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕದಿಂದ ಮೆಲ್ಲಮೆಲ್ಲಗೆ ದಹಿಸಿ ಶಕ್ತಿಯನ್ನು ಬಿಡಿಸಿಕೊಳ್ಳುವುದೇ ಉಸಿರಾಟ. ಮೂಗಿನ ಕೆಲಸ ಗಾಳಿಯನ್ನು ಒಳಗೆ ಬಿಡುವುದಷ್ಟೇ. ದಹನ ನಡೆಯುವುದು ಮೈಯ ಕಣಕಣದಲ್ಲಿ. ಮೈ ಬೆಚ್ಚಗಿರುವುದು ಅದರಿಂದಲೇ. ಗಿಡವೂ ಹೀಗೆಯೇ ಹಗಲೂ ರಾತ್ರಿ ಉಸಿರಾಡುತ್ತದೆ. ಅರಳಿಮರ ರಾತ್ರಿಯೂ ಪ್ರಾಣವಾಯು ಕೊಡುತ್ತದೆ ಎನ್ನುವವರುಂಟು. ಬೆಳಕಿಲ್ಲದೆ ಯಾವ ಎಲೆಯೂ ಕೊಡದು. ರಾತ್ರಿ ಮರದ ಕೆಳಗೆ ಮಲಗಿದರೆ ಅದರ ಉಸಿರು ಕೊಲ್ಲುತ್ತದೆ ಎನ್ನುವವರೂ ಉಂಟು. ಮಗ್ಗುಲಲ್ಲಿ ಮಲಗಿದ ಮನುಷ್ಯನ ಉಸಿರಿಗೆ ಹೆದರದವರು ಬಯಲಿನ ಮರಕ್ಕೆ ಏಕೆ ಹೆದರಬೇಕು?

ಕೊಯ್ದ ಮೇಲೂ ಕಾಳು ಉಸಿರಾಡುತ್ತದೆ. ರೈತರು ಇದನ್ನು ಗಮನವಿಟ್ಟು ಕೇಳಬೇಕು. ಹಸಿ ಭತ್ತವನ್ನು ರಾಶಿ ಹಾಕಿ ಮುಚ್ಚಿಟ್ಟು ಮರುದಿನ ಕೈ ಹಾಕಿ ನೋಡಿ: ಒಳಗೆ ಕಾವು. ಕಾಳು ತನ್ನ ಹಿಟ್ಟನ್ನು ತಾನೇ ಉರಿಸಿಕೊಳ್ಳುತ್ತಿದೆ, ಬೂಷ್ಟೂ ಅದರೊಡನೆ ಸೇರಿಕೊಳ್ಳುತ್ತದೆ. ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ತೇವವಿರುವ ಭತ್ತವನ್ನು ಹದಿನಾಲ್ಕಕ್ಕೆ ಇಳಿಯುವಂತೆ ಒಣಗಿಸಿದರೆ ಆ ಉಸಿರು ಬಹಳ ನಿಧಾನವಾಗುತ್ತದೆ. ಕಡಿದ ಕಬ್ಬು ದಿನ ಕಳೆದಂತೆ ಸಿಹಿ ಕಳೆದುಕೊಳ್ಳುವುದಕ್ಕೂ ಇದು ಒಂದು ಕಾರಣ. ಗಾಣದವನು ಅವಸರ ಮಾಡುವುದು ಸುಮ್ಮನೆ ಅಲ್ಲ.

ಕಾಳಿನ ಮಾತಾಯಿತು; ಹುಲ್ಲಿನದೂ ಒಂದಿದೆ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಹರಡಿದ ಹುಲ್ಲಿಗೆ ಬೆಂಕಿ ಇಡುವ ರೂಢಿ ಬಂದಿದೆ. ಆಳು ಸಿಗುವುದಿಲ್ಲ, ಎರಡನೆಯ ಬೆಳೆಗೆ ಹೊತ್ತಾಗುತ್ತದೆ ಎನ್ನುತ್ತೀರಿ. ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಹುಲ್ಲಿನ ತೂಕ ಹೆಚ್ಚುಕಡಿಮೆ ಕಾಳಿನಷ್ಟೇ ಇರುತ್ತದೆ. ನಾಲ್ಕು ತಿಂಗಳು ಎಲೆ ದುಡಿದು ಕೂಡಿಸಿದ್ದರಲ್ಲಿ ಅರ್ಧ ಪಾಲು ಅರ್ಧ ಗಂಟೆಯಲ್ಲಿ ಹೊಗೆಯಾಗುತ್ತದೆ. ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತದೆ. ಅದನ್ನೇ ನೀವು ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೀರಿ. ಅದೇ ಹುಲ್ಲು ಹಸುವಿನ ಹೊಟ್ಟೆಗೆ ಹೋದರೆ ಹಾಲು, ಸಗಣಿ. ಮಣ್ಣಿಗೆ ಸೇರಿದರೆ ಎರೆಹುಳುವಿಗೆ ಆಹಾರ. ಈ ಸುಗ್ಗಿಯಲ್ಲಿ ಕಡ್ಡಿ ಗೀರುವ ಮುನ್ನ ಊರಿನಲ್ಲಿ ದನ ಕಟ್ಟಿದವರನ್ನು ಒಮ್ಮೆ ಕರೆದು ಕೇಳಿ. ಹುಲ್ಲು ತಾವೇ ಎತ್ತಿಕೊಂಡು ಹೋಗುತ್ತೇವೆ ಎನ್ನುವವರು ಸಿಕ್ಕಿಯಾರು.